ಕಾನ್ವೆಂಟಿನ ಹಿತ್ತಲು ಉಳಿದ ಬಗೆ

ಗಿಡದ ಹೆಸರು ಕೇಳಲು ಹೋದವನಿಗೆ ನಗೆ ಪುಕ್ಕಟೆಯಾಗಿ ಸಿಗುತ್ತದೆ ಎಂಬುದು ನನ್ನ ಅನುಭವ. ಬರೆಯುವುದು ನನಗೆ ಹೊಸದು. ಆದ್ದರಿಂದ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ, ಬೇಸರಿಸಬಾರದು.

ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಕಂಟೋನ್ಮೆಂಟಿನ ಹಳೆಯ ಕಾನ್ವೆಂಟಿನಲ್ಲಿ ನಾನು ಕನ್ನಡ ಮಾಸ್ತರ. ಅಲ್ಲಿನ ಮದರ್ (ಎಂದರೆ ಹೆತ್ತ ತಾಯಿಯಲ್ಲ, ಕಾನ್ವೆಂಟಿನ ಹಿರಿಯರು) ಹಿತ್ತಲಿನ ಕುರುಚಲು ಕಾಡನ್ನು ಕಡಿಸಿ ಆಟದ ಮೈದಾನ ಮಾಡಿಸಬೇಕೆಂದಿದ್ದರು. ವಿಜ್ಞಾನ ಕಲಿಸುತ್ತಿದ್ದ ಸಿಸ್ಟರಿಗೆ (ಇವರೂ ಮದರ್ ಅವರ ತಂಗಿಯಲ್ಲ) ಸಂಕಟವಾಯಿತು. "ಅಲ್ಲಿ ಏನೇನು ಬದುಕಿದೆ ಎಂದು ಬರೆದು ತೋರಿಸುತ್ತೇನೆ, ಆಮೇಲೆ ತೀರ್ಮಾನಿಸಿ" ಎಂದು ಬೇಸಿಗೆಯವರೆಗೆ ಗಡುವು ಪಡೆದರು. ಇಬ್ಬರೂ ದೂರದೇಶದವರು, ಪುಸ್ತಕದಿಂದ ಕನ್ನಡ ಕಲಿತವರು. ಊರಿನ ಹೆಸರುಗಳನ್ನು ಕೇಳಿ ತಿಳಿಸಲು ಸಿಸ್ಟರ್ ನನ್ನನ್ನು ಜೊತೆಗೆ ಕರೆದರು. ಜಾಲಿಯಲ್ಲಿ ಮುಳ್ಳನ್ನಷ್ಟೇ ಕಂಡಿದ್ದ ನನಗೆ ಹಕ್ಕಿಗೂಡು ತೋರಿಸಿದ ಪುಣ್ಯಾತ್ಮರು ಅವರು.

೧. ಯಾರ ಮರ?

ಅಡುಗೆಯಾಕೆ ಸಿರುಗುಪ್ಪದವಳು. ಸಿಸ್ಟರ್ ಒಂದು ಮರ ತೋರಿಸಿ, "ಇದು ಯಾವುದು?" ಎಂದರು.

ಆಕೆ ಸೆರಗಿನಲ್ಲಿ ಮುಖ ಮುಚ್ಚಿ, "ನಮ್ಮ ಮನಿಯವರದ್ರೀ" ಎಂದಳು.

ಸಿಸ್ಟರಿಗೆ ಗಾಬರಿ. ಕಾನ್ವೆಂಟಿನ ಮರ ಇವಳ ಗಂಡನದು ಹೇಗಾಯಿತು? ಬಂಡಿ ಹೊಡೆಯುವ ಗಂಡನನ್ನು ಕರೆಸಿ ವಿಚಾರಿಸಿದರು. ವಿಷಯ ಇಷ್ಟೇ: ಮರ ರಾಮಫಲದ್ದು, ಗಂಡನ ಹೆಸರು ರಾಮಪ್ಪ. ನಮ್ಮ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ.

ರಾಮಪ್ಪ ಮರವನ್ನು ಮೇಲಿಂದ ಕೆಳಗೆ ನೋಡಿ, "ಆಕಿ ಅಂದಿದ್ದು ಖರೇನ ಇರ್ಲಿ ಬಿಡ್ರೀ ಯವ್ವಾ" ಎಂದ.

೨. ಹಕ್ಕಿ ನೌಕರಿ

ಕುರುಗೋಡಿನಿಂದ ನಮ್ಮಪ್ಪ ಬಂದಾಗ ನಾನು ಪೊದೆಯ ಕೆಳಗೆ ಹೊಟ್ಟೆಯ ಮೇಲೆ ಮಲಗಿದ್ದೆ.

"ಏನ್ ಕಳಕೊಂಡಿಯೋ?"

"ಏನಿಲ್ಲಪ್ಪಾ, ಹಕ್ಕಿ ನೋಡಾಕತ್ತೀನಿ."

"ಇದಕ್ಕ ಪಗಾರ ಕೊಡ್ತಾರೇನು?"

"ಮಾಸ್ತರಿಕಿ ಪಗಾರದಾಗ ಇದೂ ಬಂತು."

ಅಪ್ಪ ತಾನೂ ಬಗ್ಗಿ ಪೊದೆಯೊಳಗೆ ಇಣುಕಿ ಹೇಳಿದ: "ಹಂಗಾರ ನಿನ್ನ ತಮ್ಮಗೂ ಒಂದ್ ಹಕ್ಕಿ ನೋಡಿಡಪಾ. ಮನ್ಯಾಗ ಖಾಲಿ ಕುಂತಾನ."

೩. ಹುಳ

ಗಡುವು ಮುಗಿಯಿತು. ಸಿಸ್ಟರ್ ಬರೆದದ್ದನ್ನೆಲ್ಲ ಓದಿದ ಮದರ್, "ಚೆನ್ನಾಗಿದೆ. ಆದರೆ ಮಕ್ಕಳು ಆಡುವುದೆಲ್ಲಿ?" ಎಂದು ಮೇಸ್ತ್ರಿಗೆ ಹೇಳಿಕಳಿಸಿದರು. ಆಳುಗಳು ಬಂದರು. ಸಿಸ್ಟರ್ ಕಣ್ಣೊರೆಸಿಕೊಳ್ಳುತ್ತ ನೋಡುತ್ತಿದ್ದರು.

ಹುತ್ತದ ಬಳಿ ಒಬ್ಬ ಗುದ್ದಲಿ ಬಿಸಾಡಿ, "ಹುಳ! ಹುಳ ಐತ್ರೀ!" ಎಂದು ಕೂಗಿದ.

ಇಲ್ಲಿ ವಿವರಿಸಲೇಬೇಕು. ನಮ್ಮ ಕಡೆ ಹಾವನ್ನು ಹಾವು ಎನ್ನಲು ಹೆದರಿ ಹುಳ ಎನ್ನುತ್ತಾರೆ. ಸಿಸ್ಟರ್ ಕಲಿತ ಪುಸ್ತಕದಲ್ಲಿ ಹುಳು ಎಂದರೆ ಹುಳುವೇ. ಅವರು ಹುಳು ಹಿಡಿದಿಡಲು ಖಾಲಿ ಬೆಂಕಿಪೊಟ್ಟಣ ಹಿಡಿದು ಓಡಿದರು.

"ಬಿಡಬೇಡಿ! ಇದರಲ್ಲಿ ಹಿಡಿಸುತ್ತದೆಯೇ?"

ಆಳು ಪೊಟ್ಟಣ ನೋಡಿ, "ಅದರ ನಾಲಿಗಿ ಹಿಡಸ್ತೈತ್ರೀ ಯವ್ವಾ" ಎಂದ.

ಅಷ್ಟರಲ್ಲಿ ನಾಗಪ್ಪ ಹೆಡೆಯೆತ್ತಿದ. ಸಿಸ್ಟರ್ ನನ್ನ ಹಿಂದೆ, ನಾನು ಮೇಸ್ತ್ರಿಯ ಹಿಂದೆ. ಹುತ್ತಕ್ಕೆ ಗುದ್ದಲಿ ಹಾಕುವುದಿಲ್ಲವೆಂದು ಆಳುಗಳು ಗೇಟಿನತ್ತ ಓಡಿದರು. ಗದ್ದಲ ಕೇಳಿ ಮದರ್ ಬಂದರು.

"ಏನಾಯಿತು?"

"ಹುಳ ಬಂದೈತ್ರೀ" ಎಂದ ಮೇಸ್ತ್ರಿ.

"ಒಂದು ಹುಳುವಿಗೆ ಇಷ್ಟು ಜನ ಗಂಡಸರು ಓಡಿದಿರಾ?" ಎಂದು ಮದರ್ ಛತ್ರಿ ಹಿಡಿದು ತಾವೇ ನಡೆದರು. ಹೋದದ್ದಕ್ಕಿಂತ ಬೇಗ ವಾಪಸು ಬಂದರು, ಛತ್ರಿಯಿಲ್ಲದೆ.

ಆ ಹಿತ್ತಲು ಉಳಿಯಿತು. ಅದಕ್ಕಾಗಿ ಸಿಸ್ಟರಿಗೂ ನಾಗಪ್ಪನಿಗೂ ಇಂದಿಗೂ ಕೈಮುಗಿಯುತ್ತೇನೆ. ಅಂದು ಮದರ್ ಉಸಿರು ಸರಿಯಾದ ಮೇಲೆ ಮೇಸ್ತ್ರಿಗೆ ಹೇಳಿದ್ದು ಇಷ್ಟು: "ಮಕ್ಕಳು ಮುಂದಿನ ಅಂಗಳದಲ್ಲೇ ಆಡಲಿ. ಆದರೆ ನೀವು ಇನ್ನು ಮೇಲೆ ಹುಳು ಎಂದರೆ, ಅದರ ಉದ್ದವನ್ನೂ ಹೇಳಬೇಕು."