ಆರಿದ್ರಾ ಮಳೆಯಲ್ಲಿ ನನ್ನ ಮದುವೆ

ಮದುವೆಯ ದಿನ ಮದುಮಗನೇ ಮುಖ್ಯ ಎಂದು ಬಹಳ ಜನ ನಂಬಿರುತ್ತಾರೆ. ನಾನೂ ನಂಬಿದ್ದೆ. ಬಾಸಿಂಗ ಕಟ್ಟಿಕೊಂಡು ಹಂದರದಲ್ಲಿ ಕೂತರೆ ಊರಿನ ಕಣ್ಣೆಲ್ಲ ನನ್ನ ಮೇಲೆಯೇ ಇರುತ್ತದೆ ಎಂದುಕೊಂಡು ವಾರದ ಮುಂಚೆಯೇ ಮೀಸೆಯನ್ನು ಬೇರೆ ಬೇರೆ ಬಗೆಯಲ್ಲಿ ತಿದ್ದಿಕೊಂಡಿದ್ದೆ. ನನ್ನ ಮದುವೆಯಲ್ಲಿ ಊರು ನೋಡಿದ್ದು ಆಕಾಶವನ್ನು. ಮೀಸೆಯನ್ನು ಗಮನಿಸಿದವರು ಯಾರೂ ಇಲ್ಲ.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಾನು ಆಗ ಕಮತಗಿಯಲ್ಲಿ ಹೈಸ್ಕೂಲು ಮಾಸ್ತರ. ಅಪ್ಪನದು ಇಳಕಲ್ಲಿನಲ್ಲಿ ಸೀರೆ ಅಂಗಡಿ. ನಮ್ಮ ಮನೆಯಲ್ಲಿ ಮಳೆ ಎಂದರೆ ಬಾಗಿಲಿಗೆ ತೂಗುಹಾಕಿದ ಸೀರೆಗಳನ್ನು ಒಳಗೆಳೆಯುವ ಗಡಿಬಿಡಿ, ಅಷ್ಟೇ. ಹುಡುಗಿ ಸಾವಿತ್ರಿ ಬಾದಾಮಿ ಹತ್ತಿರದ ಚೊಳಚಗುಡ್ಡದ ಆಚೆಯ ಸಣ್ಣ ಊರೊಂದರ ಒಕ್ಕಲುತನದ ಮನೆಯವಳು. ಆ ಕಡೆ ಮದುವೆಗಳೆಲ್ಲ ಬೇಸಿಗೆಯಲ್ಲೇ ಮುಗಿಯುತ್ತಿದ್ದವು. ಮೃಗಶಿರಾ ಮಳೆ ಬಂತೆಂದರೆ ಬಿತ್ತನೆ; ಬಿತ್ತುವ ಹೊತ್ತಿನಲ್ಲಿ ಯಾರೂ ಹಂದರ ಹಾಕುತ್ತಿರಲಿಲ್ಲ. ಆ ವರ್ಷ ನಮ್ಮ ಮನೆಯಲ್ಲಿ ಸೂತಕ ಬಂದು ಮದುವೆ ಮುಂದೆ ಹೋಯಿತು. ಆಷಾಢಕ್ಕೆ ಮುಂಚಿನ ಕೊನೆಯ ಮುಹೂರ್ತ ಸಿಕ್ಕಿದ್ದು ಮೃಗಶಿರಾ ಕಳೆದು ಆರಿದ್ರಾ ಹುಟ್ಟಿದ ಮೇಲೆ. ಬೀಗರು ಒಪ್ಪುತ್ತಾರೋ ಇಲ್ಲವೋ ಎಂದು ಅಪ್ಪ ಅಳುಕುತ್ತಲೇ ಕೇಳಿದ. ಮಾವ ಬಿಳಿಚಿಕೊಂಡ ಆಕಾಶದ ಕಡೆ ಒಮ್ಮೆ ನೋಡಿ, “ಇಡ್ರಿ ಬೀಗರ. ರೋಹಿಣಿ ಹ್ವಾತು, ಮಿರಗ ಹ್ವಾತು. ನಮ್ಮಪ್ಪನ ಕಾಲದಾಗ ಮಿರಗದ ಮಳಿ ಕರದಾಂಗ ಬರ್ತಿತ್ತು. ಈಗೀಗ ಮಳಿಗೋಳ ಹೆಸರಷ್ಟ ಉಳದಾವ, ಹೊತ್ತು ಉಳದಿಲ್ಲ. ಇನ್ನ ಆರಿದ್ರಾ ಏನ್ ಬರ್ತೈತಿ?” ಎಂದರು.

ಆರಿದ್ರಾ ಬಂತು. ಮದುವೆಯ ದಿನ ಬೆಳಗಿನ ಜಾವಕ್ಕೇ ಬಂತು. ಹುಡುಗಿಯ ಮನೆಯ ಮುಂದಿನ ಹಂದರಕ್ಕೆ ಹೊದಿಸಿದ ತಾಡಪತ್ರಿ ಹೊಟ್ಟೆ ಬಿಟ್ಟು ಜೋತಾಡುವಷ್ಟು ಸುರಿದು, ಹೊತ್ತು ಮೂಡುವಾಗ ತಣ್ಣಗೆ ನಿಂತಿತು. ನಾನು ಅರಿಷಿಣ ಹಚ್ಚಿಕೊಂಡು ಹೊರಗೆ ಬರುವಷ್ಟರಲ್ಲಿ ಊರು ಖಾಲಿಯಾಗಿತ್ತು. ಎತ್ತುಗಳ ಗಂಟೆಯ ಸದ್ದು ಮಾತ್ರ ಹೊಲದ ದಾರಿಯಲ್ಲಿ ಕೇಳುತ್ತಿತ್ತು. ಬಾಜಾ ಬಾರಿಸುವವರೂ ರೈತರೇ; ಅವರಲ್ಲೂ ಹೆಚ್ಚಿನವರು ಹೊಲಕ್ಕೆ ಹೋಗಿಬಿಟ್ಟಿದ್ದರು. ಉಳಿದ ಸನಾದಿಯವನು ಒಬ್ಬನೇ ಊದುತ್ತ, ಉಸಿರು ತೆಗೆದುಕೊಳ್ಳುವಾಗಲೆಲ್ಲ ಊರಾಚೆ ಕಣ್ಣು ಹಾಯಿಸುತ್ತಿದ್ದ.

ಅಪ್ಪನಿಗೆ ಸಿಟ್ಟು ಬಂತು. “ಇಳಕಲ್ಲಿಂದ ಗಾಡಿ ತುಂಬ ಮಂದಿ ಕರ್ಕೊಂಡ ಬಂದೇವ್ರಿ. ಹಂದರದಾಗ ನಮ್ಮ ಮಂದಿ ನಮ್ಮ ಮಂದಿ ಮಾರಿನ ನೋಡ್ಕೊಂತ ಕುಂತಾರ. ಇದೇನ್ರಿ ಬೀಗರ ಮರ್ಯಾದಿ?” ಎಂದು ಕೇಳಿಯೇಬಿಟ್ಟ.

ಮಾವ ರುಮಾಲು ಸುತ್ತುವುದನ್ನು ಅರ್ಧಕ್ಕೇ ನಿಲ್ಲಿಸಿದರು. “ತಪ್ಪು ತಿಳ್ಕೋಬ್ಯಾಡ್ರಿ. ನಮ್ಮದು ಕೆಂಪ ಮಣ್ಣಿನ ಮಸಾರಿ ಹೊಲ. ಇವತ್ತಿನ ಹಸಿ ನಾಳಿಗೆ ಇರೂದಿಲ್ಲ. ಹೆಸರು ಬಿತ್ತೂ ಹೊತ್ತು ಆಗಲೇ ಹೋತು. ಇವತ್ತ ಸಜ್ಜಿ ಬಿತ್ತಿದ್ರ ಆತು, ಇಲ್ಲಂದ್ರ ಈ ವರ್ಸ ಹೊಲ ಬೀಳ. ಅದಕ್ಕ ಮಂದಿ ನಿಲ್ಲಲಿಲ್ಲ. ನಾ ಎಲ್ಲಿಗೂ ಹೋಗೂದಿಲ್ರಿ, ಮಗಳ ಮದುವಿ ಐತಿ,” ಎಂದರು. ಹಾಗೆ ಹೇಳುವಾಗಲೂ ಅವರ ಕಣ್ಣು ಹೊಲದ ದಾರಿಯ ಮೇಲಿತ್ತು. ವರ್ಷದ ಅನ್ನ ಒಂದು ಕಡೆ, ಮಗಳು ಒಂದು ಕಡೆ. ಅಂಥ ಇಕ್ಕಟ್ಟಿನಲ್ಲಿ ನಿಂತ ಮನುಷ್ಯನ ಮುಖವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನಾನು ಏನಾದರೂ ಹೇಳಬೇಕಿತ್ತು. ಮದುಮಗ ಮಾತಾಡಬಾರದೆಂಬ ಶಾಸ್ತ್ರವೇನೂ ಇಲ್ಲ, ನನಗೆ ಧೈರ್ಯವಿರಲಿಲ್ಲ.

ಮಾತಾಡಿದವಳು ಸಾವಿತ್ರಿ. ತಲೆ ತಗ್ಗಿಸಿ ಕೂತಿದ್ದವಳು ತಲೆ ಎತ್ತಿ ನನ್ನ ಅಪ್ಪನಿಗೆ, “ಮಾವಾರ, ತಾಳಿ ಕಟ್ಟಿದ ಕೂಡ್ಲೆ ಅಪ್ಪನ ಕೂಡ ನಾನೂ ಹೊಲಕ್ಕ ಹೋಗ್ತೇನ್ರಿ. ನಮ್ಮ ಮನ್ಯಾಗ ಬೀಜ ಬಿಡೂದು ನಾನ. ಅಡಗಿನೂ ಅಲ್ಲೇ ತರಸೋಣು. ನೀವೂ ಎಲ್ಲಾರೂ ಬರ್ರಿ,” ಎಂದಳು.

ಅಪ್ಪ ನನ್ನ ಮುಖ ನೋಡಿದ. ನಾನು ಕೈಯಲ್ಲಿದ್ದ ತೆಂಗಿನಕಾಯಿಯ ಮುಖ ನೋಡಿದೆ. ಅಪ್ಪ ಅವಳ ಸೆರಗಿನ ಕಡೆ ತಿರುಗಿ, “ಮತ್ತ ಸೀರಿ?” ಎಂದು ಕೇಳಿದ. ಅಂಗಡಿಯಲ್ಲೇ ಎಲ್ಲಕ್ಕಿಂತ ಒಳ್ಳೆಯ ಸೀರೆ ಅದು.

“ಎತ್ತಿ ಕಟ್ಟತೇನ್ರಿ,” ಎಂದಳು ಸಾವಿತ್ರಿ.

ಅಕ್ಷತೆಯ ಕಾಳು ಇನ್ನೂ ತಲೆಯಲ್ಲಿರುವಾಗಲೇ ನಾವು ಹೊಲದಲ್ಲಿದ್ದೆವು. ಗೋಧಿ ಹುಗ್ಗಿಯ ಕೊಪ್ಪರಿಗೆ, ಅನ್ನ, ಬದನೆಕಾಯಿ ಪಲ್ಯ ಎಲ್ಲ ಚಕ್ಕಡಿಯಲ್ಲಿ ಹಿಂದೆ ಬಂದವು. ಮಾವ ರೇಷ್ಮೆ ರುಮಾಲಿನಲ್ಲೇ ಕೂರಿಗೆ ಹೂಡಿದರು. ಉಡಿಯಲ್ಲಿ ಸಜ್ಜೆ ಕಟ್ಟಿಕೊಂಡ ಸಾವಿತ್ರಿ ಅದರ ಹಿಂದೆ ನಡೆಯುತ್ತ, ಕೂರಿಗೆಯ ಬಟ್ಟಲಿಗೆ ಹಸಿರು ಬಳೆಯ ಕೈಯಿಂದ ಬೀಜ ಬಿಡತೊಡಗಿದಳು. ನಡುವೆ ಕೆಲವು ಸಾಲು ತೊಗರಿ. ಮಳೆ ಮತ್ತೆ ಕೈಕೊಟ್ಟರೆ ಅದಾದರೂ ಇರಲಿ ಎಂದು. ಅಕ್ಕಪಕ್ಕದ ಹೊಲದವರು ಒಬ್ಬೊಬ್ಬರಾಗಿ ಬಂದು, ಕೈ ತೊಳೆದು, ನಮಗೆ ಹರಸಿ, ಹುಗ್ಗಿ ಉಂಡು ಮತ್ತೆ ತಮ್ಮ ಕೂರಿಗೆಗೆ ಮರಳಿದರು. ಅಪ್ಪ ಬದುವಿನ ಮೇಲೆ ನಿಂತು ಬಂದವರಿಗೆಲ್ಲ ಸೊಸೆಯ ಸೆರಗನ್ನು ತೋರಿಸಿ, “ಎಷ್ಟ ಕೆಸರ ಹತ್ಲಿ, ಬಣ್ಣ ಹೋಗೂದಿಲ್ರಿ. ನಮ್ಮಂಗಡಿ ಮಾಲು,” ಎನ್ನುತ್ತಿದ್ದ. ಆ ವರ್ಷದ ದೀಪಾವಳಿಗೆ ಆ ಊರಿನ ಹೆಂಗಸರು ಇಳಕಲ್ಲಿಗೇ ಬಂದು ಸೀರೆ ಕೊಂಡರು.

ಆ ಮಳೆಯ ಬೆನ್ನಿಗೆ ಮುಗಿಲು ಬಹಳ ದಿನ ಬತ್ತಿಹೋಯಿತು. ಆದರೂ ಸಜ್ಜೆ ಹೇಗೋ ತಡೆದುಕೊಂಡು ಮನೆಗೆ ಸಾಕಾಗುವಷ್ಟು ಬಂತು. ಮಾವ ಮಾತ್ರ ಪಂಚಾಂಗವನ್ನು ನೆಚ್ಚಿ ಕೂರುವುದನ್ನು ಬಿಟ್ಟರು. ಮುಂದಿನ ವರ್ಷಗಳಲ್ಲಿ ಬದು ಎತ್ತರಿಸಿದರು, ಹೊಲದ ತಗ್ಗಿನ ಮೂಲೆಯಲ್ಲಿ ಹೊಂಡ ತೋಡಿಸಿದರು. ಹೆಸರು, ಸಜ್ಜೆ, ಹುರುಳಿ ಮೂರರ ಬೀಜವನ್ನೂ ಮನೆಯಲ್ಲಿಟ್ಟುಕೊಂಡು, ಮಳೆ ಬಂದ ಹೊತ್ತು ನೋಡಿ ಯಾವುದೆಂದು ಗೊತ್ತುಮಾಡುತ್ತಿದ್ದರು. ಒಮ್ಮೊಮ್ಮೆ ಲೆಕ್ಕ ತಪ್ಪುತ್ತಿತ್ತು. ಆಗ ಕಟ್ಟೆಯ ಮೇಲೆ ಕೂತು, “ಮಳಿಗೂ ದಾರಿ ತಪ್ಪೈತಿ, ನನಗೂ ತಪ್ಪೈತಿ,” ಎಂದು ನಗುತ್ತಿದ್ದರು. ಈಗ ಮಾವ ಇಲ್ಲ. ಆ ನಗೆ ಇನ್ನೂ ಕಿವಿಯಲ್ಲಿದೆ.

ಬೀಜ ಬಿಡುವ ಕೈ ಮಾತ್ರ ಬದಲಾಗಲಿಲ್ಲ. ಮಾವ ಇದ್ದಾಗಲೇ, ಎರಡು ಸಾವಿರದ ಇಸವಿಯ ಆಚೆ ಈಚೆ, ನಮ್ಮ ಮನೆಗೆ ಫೋನು ಹಾಕಿಸಿದ್ದೆವು. ಊರಿನ ಎಸ್‌ಟಿಡಿ ಬೂತಿನಿಂದ ಪ್ರತಿ ಬಿತ್ತನೆಯ ಮಳೆಗೂ ಮಾವನ ಫೋನು: “ಮಳಿ ಆಗೈತ್ರಿ ಮಾಸ್ತರ, ಮಗಳನ್ನ ಕಳಸ್ರಿ.” ಸಾವಿತ್ರಿ ಸಿಕ್ಕ ಬಸ್ಸು ಹತ್ತುತ್ತಿದ್ದಳು. ನಾನೂ ಬರಲೇ ಎಂದು ಒಮ್ಮೆ ಮಾವನನ್ನು ಕೇಳಿದೆ. “ನೀವು ಸಾಲಿ ನೋಡ್ಕೋರಿ,” ಎಂದರು, ಬಹಳ ಮರ್ಯಾದೆಯಿಂದ. ಮಳೆ ಮೊದಲಿನ ಹಾಗೆ ಮಿರಗಕ್ಕೆ ಬರುತ್ತಿದ್ದರೆ ಸಾವಿತ್ರಿ ಮುಂಚೆಯೇ ರೊಟ್ಟಿ, ಚಟ್ನಿಪುಡಿ ಮಾಡಿಟ್ಟು ಹೋಗುತ್ತಿದ್ದಳೇನೋ. ಅದು ಯಾವಾಗ ಬರುತ್ತದೆಂದು ಯಾರಿಗೂ ತಿಳಿಯದ ಕಾರಣ ನಾನು ಅನ್ನ ಸಾರು ಮಾಡುವುದನ್ನು ಕಲಿತೆ. ಬಾದಾಮಿಯ ದಿಕ್ಕಿಗೆ ಮೋಡ ಕವಿದಾಗ ಕಮತಗಿಯವರೆಲ್ಲ ಮನೆಯಿಂದ ಹೊರಗೆ ಬಂದು ಸಂತೋಷದಿಂದ ನೋಡುತ್ತಿದ್ದರು. ನಾನು ಅಡುಗೆಮನೆಯೊಳಗೆ ಹೋಗಿ ಅಕ್ಕಿಯ ಡಬ್ಬಿ ಹುಡುಕುತ್ತಿದ್ದೆ.