ಮಾವನ ರಾಣಿ

ಇನ್ನೊಂದು ವಾರದಲ್ಲಿ ಇಂಟರ್ನೆಟ್ ಚದುರಂಗದ ಜಗತ್ತು ಹಿಂದೂಪುರದ ಹೆಸರು ಕೇಳಿದರೆ ನಡುಗಬೇಕು! ಹಾಗೆಂದು ಜಯಚಂದ್ರ ಆ ಭಾನುವಾರ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆಯ ಮುಂದೆ ಶಪಥ ಮಾಡಿದ. ಮನೆಗೆ ಬ್ರಾಡ್‌ಬ್ಯಾಂಡ್ ಬಂದು ಎರಡು ತಿಂಗಳಾಗಿತ್ತು. ಅವನು ಸೋತ ಆಟಗಳು ನೂರ ಹನ್ನೊಂದಾಗಿದ್ದವು.

"ಕಾಯಿ ನಡೆಸೋದು ಯಾರಿಗ್ ಬರಲ್ಲ? ಎದುರಾಳಿ ಮನಸ್ಸು ಅಲ್ಲಾಡಿಸ್ಬೇಕು ಕಣೇ. ಸೈಕಾಲಜಿ!"

"ನೋಡಿದೀನಿ ನಿಮ್ಮ ಸೈಕಾಲಜೀನ. ಬರೀ ಬೈಗುಳ," ಎಂದಳು ಹೆಂಡತಿ ಶ್ರೀಲತಾ.

ಅವಳ ಸಿಟ್ಟಿಗೆ ಕಾರಣವಿತ್ತು. ತವರಿನಿಂದ ಬಂದ ಗ್ರೈಂಡರ್ ಮಂಚದ ಕೆಳಗೆ ಡಬ್ಬದಲ್ಲೇ ಕೂತಿತ್ತು. ಮನೆಯ ಏಕೈಕ ಗಟ್ಟಿ ಮೇಜನ್ನು ಕಂಪ್ಯೂಟರ್ ಆಕ್ರಮಿಸಿತ್ತು.

"ಇವತ್ತು ಗೆದ್ರೆ ಮೇಜು ನಿಮ್ದು. ಸೋತ್ರೆ, ಇಲ್ಲಾ ಒಂದೇ ಒಂದು ಹಂಗಿಸೋ ಮಾತು ಕಳಿಸಿದ್ರೆ, ಗ್ರೈಂಡರ್‌ದು. ತಂತ್ರ ಎಷ್ಟಾದ್ರೂ ಮಾಡ್ಕಳ್ಳಿ."

"ಒಪ್ಪಿದೆ!"

ಎದುರಾಳಿ ಕಲ್ಯಾಣದುರ್ಗದ ಯಾರೋ ಕದಿರಪ್ಪ; ಪರದೆಯಲ್ಲಿ ಇಬ್ಬರ ಹೆಸರಿನ ಪಕ್ಕ ಊರೂ ಇತ್ತು. ತಲಾ ಹತ್ತು ನಿಮಿಷದ ಆಟ. ಜಯಚಂದ್ರ ಕ್ಷಣವೂ ಯೋಚಿಸದೆ ಪಟಪಟನೆ ಕಾಯಿ ನಡೆಸಿ, "ನಿಧಾನಕ್ಕೆ ಯೋಚನೆ ಮಾಡಿ, ನನಗೇನೂ ಅವಸರ ಇಲ್ಲ" ಎಂದು ಬರೆದ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಶ್ರೀಲತಾ ಇಣುಕಿ ತೀರ್ಪಿತ್ತಳು: "ಇದು ತಂತ್ರ. ಸರೇ."

ಕದಿರಪ್ಪ ನಿಜಕ್ಕೂ ಬೆದರಿದ. ಐದಾರು ನಡೆಗಳಲ್ಲಿ ಅವನ ರಾಣಿ ದಿಕ್ಕಿಲ್ಲದೆ ಬಯಲಲ್ಲಿ ನಿಂತುಬಿಟ್ಟಳು! ಜಯಚಂದ್ರನಿಗೆ ಗೆಲುವು ನೆತ್ತಿಗೇರಿತು. "ಆಟ ಬಿಟ್ಟು ಕಡ್ಲೇಕಾಯಿ ಸುಲಿ ಹೋಗಪ್ಪ" ಎಂದು ಟೈಪ್ ಮಾಡಿದ. ಕಳಿಸುವಷ್ಟರಲ್ಲಿ ಹೆಂಡತಿಯ ಕೈ ಕೀಲಿಮಣೆಯ ಮೇಲೆ ಬಿತ್ತು.

"ಇದು ಹಂಗಿಸೋದು."

"ನಮ್ ಸೀಮೆಯೋರೆಲ್ಲ ಒಂಥರಾ ನೆಂಟರೇ ಕಣೇ. ಭಾವ ಭಾಮೈದ ಹಂಗಿಸ್ಕಂಡ್ರೆ ತಪ್ಪಾ?"

"ಅವ್ರು ನಿಮಗೆ ಭಾಮೈದ ಅಂತ ಯಾರಂದ್ರು? ಯಾರ ಮನೆಯೋರು ಅಂತ ಕೇಳಿ ಮೊದ್ಲು."

ಕೇಳಿದ. ಆ ಸೀಮೆಯಲ್ಲಿ ಈ ಪ್ರಶ್ನೆಗೆ ಉತ್ತರ ಕೊಡದವರಿಲ್ಲ. "ಸೆಟ್ಟೂರು ಉಗ್ರಪ್ಪನ ಮನೆಯೋರು" ಎಂದು ಬಂತು.

ಶ್ರೀಲತಾ ಬೆರಳು ಮಡಿಸಿ ಎಣಿಸಿದಳು, ಕೆನ್ನೆ ಬಡಿದುಕೊಂಡಳು. "ಅಯ್ಯಯ್ಯೋ! ನನಗೆ ದೊಡ್ಡಪ್ಪ ಆಗ್ಬೇಕು ಕಣ್ರೀ. ನಿಮಗೆ ಸಾಕ್ಷಾತ್ ಮಾವ!"

ಜಯಚಂದ್ರ ಕುರ್ಚಿಯಿಂದ ಎದ್ದು ನಿಂತು "ನಮಸ್ಕಾರ ಮಾವ, ತಪ್ಪಾಯ್ತು" ಎಂದು ಬರೆದ. ಆಮೇಲೆ ಮೆಲ್ಲಗೆ ಕೇಳಿದ, "ರಾಣಿ ಹೊಡೀಲಾ?"

"ಮಾವನ ಕಣ್ಣೆದುರಿಗೇ ಅತ್ತೇನ ಎತ್ತಾಕ್ಕೊಂಡ್ ಹೋಯ್ತೀರಾ?"

ಅವನ ಕೈ ಹಿಂದೆ ಸರಿಯಿತು. ಮರ್ಯಾದಸ್ಥ ನಡೆಯೊಂದನ್ನು ಹುಡುಕತೊಡಗಿದ. ಕುದುರೆ ಹಾರಿಸಿದರೆ ಮಾವನಿಗೆ ಬೆನ್ನು ತಿರುಗಿಸಿದಂತೆ. ಆನೆ ನುಗ್ಗಿಸಿದರೆ ಹಿರಿಯರ ಮೇಲೆ ಬಿದ್ದಂತೆ. ಒಂಟೆಯ ಓರೆ ನಡೆಯಂತೂ ಶುದ್ಧ ಅವಿಧೇಯತೆ! ಹೀಗೆ ಧರ್ಮಸಂಕಟದಲ್ಲಿ ಬೇಯುತ್ತಿರುವಾಗಲೇ ಗಡಿಯಾರ ಸೊನ್ನೆಗೆ ಬಂತು. ಸಮಯ ಮುಗಿಯಿತು, ನೂರ ಹನ್ನೆರಡನೆಯ ಸೋಲು!

ಆ ಕಡೆಯಿಂದ ಕಡೆಯ ಸಂದೇಶ ಬಂತು: "ಎವರು ನಾಯನಾ ನುವ್ವು? ಯಾರಪ್ಪ ನೀನು? ನಮ್ಮ ಮನೆಯಿಂದ ಹಿಂದೂಪುರಕ್ಕೆ ಹೆಣ್ಣೇ ಕೊಟ್ಟಿಲ್ವಲ್ಲ!"

ಜಯಚಂದ್ರ ನಿಧಾನವಾಗಿ ಕತ್ತು ತಿರುಗಿಸಿದ. ಶ್ರೀಲತಾ ಆಗಲೇ ಮಂಚದ ಕೆಳಗಿನಿಂದ ಡಬ್ಬ ಎಳೆಯುತ್ತಿದ್ದಳು.

"ಅವ್ರು ನಿನ್ನ ದೊಡ್ಡಪ್ಪ ಅಲ್ವಾ?"

"ಸೆಟ್ಟೂರಾಗೆ ನಮಗೆ ಯಾರೈದಾರೆ?"

"ಮೋಸ! ಅನ್ಯಾಯ!"

"ಯಾಕ್ರೀ, ನಾನೇನಾದ್ರೂ ಹಂಗಿಸಿದ್ನಾ?" ಎಂದಳು ಶ್ರೀಲತಾ. "ಒಂದು ಕೈ ಹಾಕಿ ಬನ್ನಿ, ಭಾರ ಐತೆ."