ಅತ್ತಿಗೆ ಎಣಿಸಿದ ಹೆಜ್ಜೆಗಳು

ಪ್ರಪಂಚದ ಮಹಾ ವೇಗದ ಬೌಲರ್‌ಗಳಲ್ಲಿ ಒಬ್ಬರಿಗೆ ಬೌಲಿಂಗ್ ಹೇಳಿಕೊಟ್ಟವರು ನಮ್ಮ ಅತ್ತಿಗೆ. ನಗಬೇಡಿ! ಅಥವಾ ನಕ್ಕು ಮುಗಿಸಿ, ನಾನು ಕಾಯುತ್ತೇನೆ. ನಮ್ಮ ಅತ್ತಿಗೆ ಜೀವಮಾನದಲ್ಲಿ ಒಂದು ಚೆಂಡು ಹಿಡಿದವರಲ್ಲ. ನಿಂಬೆಹಣ್ಣು ಎಸೆದರೂ ಕಣ್ಣು ಮುಚ್ಚಿಕೊಂಡು ಸೆರಗೊಡ್ಡುವವರು. ಎಲ್‌ಬಿಡಬ್ಲ್ಯೂ ಅಂದರೆ ಮಸ್ಕತ್ತಿನ ರೂವಿಯಲ್ಲಿರುವ ಯಾವುದೋ ಬ್ಯಾಂಕು ಎಂದು ಬಹಳ ದಿನ ತಿಳಿದಿದ್ದವರು. ಆದರೂ ಅವರು ಹೇಳಿಕೊಟ್ಟದ್ದು ನಿಜ, ಆ ಮಹಾನುಭಾವರು ಕೈಕಟ್ಟಿ ನಿಂತು ಕಲಿತದ್ದೂ ನಿಜ. ಅದಕ್ಕೆ ನಾನೇ ಸಾಕ್ಷಿ. ಬೌಲರ್ ಯಾರು ಎಂದು ಕೇಳಬೇಡಿ. ಹೆಸರು ಹೇಳಿದರೆ ನೀವು ನಂಬುವುದಿಲ್ಲ, ಹೇಳದಿದ್ದರೂ ನಂಬುವುದಿಲ್ಲ. ಹಾಗಿರುವಾಗ ಅವರ ಹೆಸರನ್ನು ಸುಮ್ಮನೆ ಯಾಕೆ ಎಳೆದು ತರಲಿ?

ಇಸವಿ ಎರಡು ಸಾವಿರ ದಾಟಿ ಮೂರು ನಾಲ್ಕು ವರ್ಷವಾಗಿತ್ತು. ನಾನು ಮೈಸೂರಿನಿಂದ ಮಸ್ಕತ್ತಿಗೆ ಡ್ರಾಫ್ಟ್ಸ್‌ಮನ್ ಕೆಲಸಕ್ಕೆ ಬಂದು ರೂವಿಯಲ್ಲಿದ್ದ ಅಣ್ಣನ ಮನೆಯಲ್ಲಿ ತಳವೂರಿದ್ದೆ. ಅಣ್ಣ ಏರ್‌ಕಂಡೀಷನರ್ ಮಾರುವ ಕಂಪನಿಯೊಂದರಲ್ಲಿ ಆಫೀಸ್ ಮ್ಯಾನೇಜರ್. ಶುಕ್ರವಾರ ಬಂದರೆ ಅದೇ ಕಂಪನಿಯ ಕ್ರಿಕೆಟ್ ಟೀಮಿಗೆ ಮ್ಯಾನೇಜರ್. ಎರಡರಲ್ಲಿ ಯಾವುದು ನಿಜವಾದ ಉದ್ಯೋಗ ಎಂದು ಕೇಳಿದರೆ ಅವನು ಮುಗುಳ್ನಗುತ್ತಿದ್ದ.

ಅತ್ತಿಗೆಗೆ ಒಂದೇ ಒಂದು ಚಟ. ಎಣಿಸುವುದು! ನಮ್ಮ ಕಟ್ಟಡದ ನಾಲ್ಕನೇ ಮಹಡಿಗೆ ಎಪ್ಪತ್ತೆರಡು ಮೆಟ್ಟಿಲು ಎಂದು ನನಗೆ ಗೊತ್ತಾದದ್ದು ಅವರಿಂದ. ಎದುರಿನ ಬಸ್ ನಿಲ್ದಾಣದಲ್ಲಿ ಎಷ್ಟು ಟ್ಯಾಕ್ಸಿ ನಿಂತಿವೆ, ಒಗ್ಗರಣೆಯಲ್ಲಿ ಎಷ್ಟು ಸಾಸಿವೆ ಸಿಡಿಯದೆ ಉಳಿಯಿತು, ಫೋನಿನಲ್ಲಿ ಮಾತಾಡುವಾಗ ಅಣ್ಣ ಎಷ್ಟು ಸಲ 'ಆಕ್ಚುಯಲಿ' ಅಂದ, ಎಲ್ಲ ಲೆಕ್ಕವೂ ಅವರಲ್ಲಿರುತ್ತಿತ್ತು. ಮನೆಗೆ ಬಂದವರು "ಬರ್ತೀವಿ" ಎಂದು ಎದ್ದು, ಬಾಗಿಲಲ್ಲಿ ನಿಂತು ಮತ್ತೆ ಮಾತಿಗೆ ತೊಡಗಿದರೆ, ಅತ್ತಿಗೆ ನಗುನಗುತ್ತಲೇ ಹೇಳುತ್ತಿದ್ದರು: "ಇದು ನಾಲ್ಕನೇ ಬರ್ತೀವಿ ನೋಡಿ. ಕೂತ್ಕೊಂಡೇ ಮಾತಾಡೋಣ, ಕಾಫಿ ಇಡ್ತೀನಿ." ನಮ್ಮ ಮನೆಗೆ ಬಂದ ಅತಿಥಿಗಳು ಹೊರಡುವಾಗ ಬಹಳ ಚುರುಕಾಗಿ ಹೊರಡುತ್ತಿದ್ದರು!

ಇಂಥವರು ಕ್ರಿಕೆಟ್ ಮೈದಾನಕ್ಕೆ ಬಂದದ್ದು ಆಟದ ಮೇಲಿನ ಪ್ರೀತಿಯಿಂದೇನಲ್ಲ. "ವಾರಕ್ಕೆ ಒಂದು ಪೂರ್ತಿ ರಜೆ. ಅದನ್ನೂ ಹನ್ನೊಂದು ಜನ ಗಂಡಸರ ಜೊತೆ ಕಳೀತೀರಿ. ನಾನೂ ಬರ್ತೀನಿ," ಎಂದು ಒಂದು ಶುಕ್ರವಾರ ಡಬ್ಬಿ ಕಟ್ಟಿಕೊಂಡು ಕಾರಿನಲ್ಲಿ ಕೂತುಬಿಟ್ಟರು. ಅಣ್ಣ "ಆಕ್ಚುಯಲಿ..." ಎಂದ. "ಒಂದು," ಎಂದರು ಅತ್ತಿಗೆ. ಅಣ್ಣ ಕಾರು ಸ್ಟಾರ್ಟ್ ಮಾಡಿದ.

ಟೀಮಿನ ಸ್ಥಿತಿ ಆಗ ನೆಟ್ಟಗಿರಲಿಲ್ಲ. ಸತತವಾಗಿ ಸೋತು ಸೋತು, ಸೋಲುವುದರಲ್ಲಿ ಒಂದು ಶಿಸ್ತು ಬಂದುಬಿಟ್ಟಿತ್ತು. ಕಂಪನಿಯ ಒಮಾನಿ ಯಜಮಾನರು, ಅಂದರೆ ನಮ್ಮೆಲ್ಲರ ಬಾಯಲ್ಲಿ ಕಫೀಲ್, ಒಳ್ಳೆಯವರು. ಆದರೆ ಅವರ ತಾಳ್ಮೆಗೂ ಒಂದು ಮಿತಿ ಇತ್ತು. "ಈ ವರ್ಷ ಕೊನೆಯ ಅವಕಾಶ. ಗೆದ್ದರೆ ಟೀಮ್ ಇರುತ್ತದೆ. ಇಲ್ಲವಾದರೆ ಖಲಾಸ್!" ಎಂದುಬಿಟ್ಟರು. ಹೊರಗಿನವರಿಗೆ ಇದು ಸಣ್ಣ ಮಾತು. ಆದರೆ ನಮ್ಮ ಹುಡುಗರಲ್ಲಿ ಆರೇಳು ಜನಕ್ಕೆ ಆ ಕಂಪನಿಯಲ್ಲಿ ಕೆಲಸ ಸಿಕ್ಕಿದ್ದೇ ಬ್ಯಾಟಿನಿಂದ, ಬಾಲಿನಿಂದ. ಟೀಮ್ ಹೋದರೆ ಅವರ ವೀಸಾ ಏನಾಗುತ್ತದೋ! ಅಣ್ಣ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. (ಅತ್ತಿಗೆಯ ಲೆಕ್ಕದಲ್ಲಿ: ಆರು ಚಪಾತಿ ಕಡಿಮೆ.)

ಕೊನೆಗೆ ಕಫೀಲರೇ ದೊಡ್ಡ ಮನಸ್ಸು ಮಾಡಿ ಹೊರದೇಶದ ಒಬ್ಬ ಆಟಗಾರನನ್ನು ಕರೆಸಿದರು. ಆಗೆಲ್ಲ ಲೀಗಿನಲ್ಲಿ ಹಾಗೆ ಅತಿಥಿ ಆಟಗಾರರು ಬರುತ್ತಿದ್ದರು. ಆದರೆ ಇವರು ಬರೀ ಆಟಗಾರರಲ್ಲ. ಪಾಕಿಸ್ತಾನದ ಪರವಾಗಿ ವರ್ಷಗಟ್ಟಲೆ ಟೆಸ್ಟ್ ಆಡಿದವರು. ನಾನು ಹೈಸ್ಕೂಲಿನಲ್ಲಿದ್ದಾಗ ಇವರು ನಮ್ಮ ದೇಶದವರ ವಿಕೆಟ್ ಕಿತ್ತಾಗಲೆಲ್ಲ ಟೀವಿಗೆ ಬೆನ್ನು ತಿರುಗಿಸಿ ಕೂತವನು. ಅದೇ ಮನುಷ್ಯ ಈಗ ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ, ಕಂಪನಿಯ ಗೆಸ್ಟ್ ಹೌಸಿನಲ್ಲಿ ಬಂದಿಳಿದಿದ್ದರು! ಆರಡಿ ಮೂರಂಗುಲ ಎತ್ತರ. ಲಿಫ್ಟಿನಲ್ಲಿ ಅವರ ಪಕ್ಕ ನಿಂತಾಗ ನನಗೆ ಉಸಿರಾಡುವುದೂ ಉದ್ಧಟತನ ಅನ್ನಿಸಿತು.

ಮೊದಲ ದಿನ ಅಣ್ಣ ಅವರನ್ನು ವಾದಿ ಅದಾಯ್ ಕಡೆಯ ನಮ್ಮ ಮೈದಾನ ತೋರಿಸಲು ಕರೆದೊಯ್ದ. ಅವರು ಕಾರಿಳಿದು, ಸುತ್ತಲಿನ ಬೋಳು ಬೆಟ್ಟಗಳನ್ನು ನೋಡಿ, ಕಾಲಕೆಳಗಿನ ಜಲ್ಲಿಯನ್ನು ನೋಡಿ, ನಡುವೆ ಸಿಮೆಂಟಿನ ಮೇಲೆ ಹಾಸಿದ್ದ ಚಾಪೆಯನ್ನು ನೋಡಿ, ವಿನಯದಿಂದ ಕೇಳಿದರು: "ಗ್ರೌಂಡ್ ಕಹಾಂ ಹೈ?" ಮೈದಾನ ಎಲ್ಲಿದೆ?

"ಸರ್," ಎಂದ ಅಣ್ಣ, "ಆಪ್ ಗ್ರೌಂಡ್ ಪರ್ ಹೀ ಖಡೇ ಹೈಂ." ನೀವು ನಿಂತಿರುವುದೇ ಮೈದಾನದ ಮೇಲೆ!

ಆ ಮಹಾನುಭಾವರು ಬಿದ್ದುಬಿದ್ದು ನಕ್ಕರು. ತಾವು ಚಿಕ್ಕಂದಿನಲ್ಲಿ ಆಡಿದ್ದೂ ಇಂಥದ್ದೇ ಜಾಗದಲ್ಲಿ ಎಂದರು. ಹುಲ್ಲಿಗೆಂದು ತಂದಿದ್ದ ಮುಳ್ಳಿನ ಬೂಟನ್ನು ಚೀಲದಲ್ಲೇ ಬಿಟ್ಟು ರಬ್ಬರ್ ಬೂಟು ಕೊಂಡರು. ನಮಗೆ ಆ ಕ್ಷಣವೇ ಅವರ ಮೇಲೆ ಅಭಿಮಾನ ಉಕ್ಕಿತು.

ಗೆಸ್ಟ್ ಹೌಸಿನ ಅಡುಗೆಯವನು ರಜೆಯ ಮೇಲೆ ಊರಿಗೆ ಹೋಗಿದ್ದ. ಹಾಗಾಗಿ ಊಟದ ಜವಾಬ್ದಾರಿ ಅತ್ತಿಗೆಯದು. ಮೊದಲ ಮಧ್ಯಾಹ್ನ ಬಿಸಿಬೇಳೆ ಭಾತ್. ಅವರು ತಟ್ಟೆಯನ್ನು ಸೂಕ್ಷ್ಮವಾಗಿ ನೋಡಿ, ಮಾಂಸವೆಲ್ಲಿ ಎಂಬಂತೆ "ಭಾಭೀ, ಗೋಶ್ತ್?" ಎಂದು ಮೆಲ್ಲಗೆ ಕೇಳಿದರು. ಅತ್ತಿಗೆ ಮೈಸೂರಿನಲ್ಲಿ ಹಿಂದಿ ಪರೀಕ್ಷೆ ಮೊದಲ ದರ್ಜೆಯಲ್ಲಿ ಪಾಸಾದವರು. ಆ ಹಿಂದಿ ಪರೀಕ್ಷೆಯ ಕೊಠಡಿಯಿಂದ ಹೊರಗೆ ಬಂದದ್ದು ಅಂದೇ ಮೊದಲು! "ಇಸ್ ಮೇ ಗ್ಯಾರಹ್ ತರಕಾರಿ ಹೈ ಭಯ್ಯಾ. ಗೋಶ್ತ್ ಕಾ ಜಗಹ್ ಹೀ ನಹೀ ಹೈ!" ಹನ್ನೊಂದು ತರಕಾರಿ ಇರುವಾಗ ಮಾಂಸಕ್ಕೆ ಜಾಗವೆಲ್ಲಿ ಎಂದು ಇನ್ನೊಂದು ಸೌಟು ಹಾಕಿದರು. ಅವರಿಗೆ ರುಚಿ ಹತ್ತಿತು. ಆದರೆ ನಿಲ್ಲಿಸುವುದು ಹೇಗೆಂದು ಗೊತ್ತಾಗಲಿಲ್ಲ. "ಬಸ್" ಎಂದರೆ ಅತ್ತಿಗೆ ಅದು ಸಂಕೋಚ ಎಂದು ತಿಳಿದು ಮತ್ತೆ ಬಡಿಸುತ್ತಿದ್ದರು. ಐದನೇ ಸೌಟಿಗೆ ನನಗೆ ಕನಿಕರ ಹುಟ್ಟಿ, ಅವರ ಕಿವಿಯಲ್ಲಿ "ಸಾಕು ಅನ್ನಿ ಸರ್" ಎಂದೆ. "ಸಾಕು!" ಎಂದು ಗರ್ಜಿಸಿದರು ಮಹಾ ವೇಗಿ. ಜಗತ್ತಿನ ಬ್ಯಾಟ್ಸ್‌ಮನ್‌ಗಳನ್ನು ನಡುಗಿಸಿದ ಮನುಷ್ಯ ಕಲಿತ ಮೊದಲ ಕನ್ನಡ ಪದ, ಪ್ರಾಣರಕ್ಷಣೆಗಾಗಿ ಕಲಿತದ್ದು!

ಇಷ್ಟೆಲ್ಲ ಆದರೂ ಮೈದಾನದಲ್ಲಿ ಏನೋ ಎಡವಟ್ಟಾಗುತ್ತಿತ್ತು. ವಿಕೆಟ್ ತೆಗೆಯುತ್ತಿದ್ದರು, ಪಂದ್ಯವನ್ನೂ ಗೆಲ್ಲಿಸುತ್ತಿದ್ದರು. ಆದರೆ ನೋ ಬಾಲ್! ಗೆರೆ ದಾಟಿ ಕಾಲಿಡುತ್ತಿದ್ದರು. ಒಂದು ಪಂದ್ಯದಲ್ಲಿ ಏಳು, ಇನ್ನೊಂದರಲ್ಲಿ ಒಂಬತ್ತು. ಅಂಪೈರ್ ಮಂಗಳೂರಿನವರೊಬ್ಬರು, ವಾರವಿಡೀ ಯಾವುದೋ ಗೋದಾಮಿನಲ್ಲಿ ಸ್ಟೋರ್‌ಕೀಪರ್. ನೋ ಬಾಲ್ ಎಂದು ಕೈ ಚಾಚಿದ ಕೂಡಲೇ "ಸಾರಿ ಸರ್" ಎನ್ನುತ್ತಿದ್ದರು. ಇದನ್ನು ಆ ದೊಡ್ಡ ಮನುಷ್ಯನಿಗೆ ಹೇಳುವವರು ಯಾರು? ಟೀಮಿನ ಕ್ಯಾಪ್ಟನ್, ಅಣ್ಣನ ಕಡೆ ನೋಡಿದ. ಅಣ್ಣ ನನ್ನ ಕಡೆ ನೋಡಿದ. ನಾನು ನೀರು ಒಯ್ಯುವ ಹನ್ನೆರಡನೆಯವನು. ಬೆಟ್ಟದ ಕಡೆ ನೋಡಿದೆ.

ಅತ್ತಿಗೆ ಸಾರು ಬಡಿಸುತ್ತಾ ಹೇಳಿಬಿಟ್ಟರು.

"ಭಯ್ಯಾ, ಆಪ್ ಅಠಾರಹ್ ಕದಮ್ ದೌಡ್ತಾ ಹೈ, ತೋ ಗಲತ್ ಹೋತಾ ಹೈ. ಉನ್ನೀಸ್ ದೌಡ್ತಾ ಹೈ, ತೋ ಠೀಕ್ ಹೋತಾ ಹೈ."

ಅವರ ಕೈ ತಟ್ಟೆಯಲ್ಲೇ ನಿಂತಿತು. ಹದಿನೆಂಟು ಹೆಜ್ಜೆ ಓಡಿದರೆ ತಪ್ಪು, ಹತ್ತೊಂಬತ್ತು ಓಡಿದರೆ ಸರಿ! ಅಷ್ಟಕ್ಕೇ ನಿಲ್ಲಿಸುತ್ತಾರೆಯೇ ನಮ್ಮ ಅತ್ತಿಗೆ? "ಕೋಯಿ ಚೌಕಾ ಮಾರ್ತಾ ಹೈ ನಾ, ಆಪ್ ಕೋ ಗುಸ್ಸಾ ಆತಾ ಹೈ. ಗುಸ್ಸಾ ಆತಾ ಹೈ ತೋ ಏಕ್ ಕದಮ್ ಖಾ ಜಾತಾ ಹೈ." ಯಾರಾದರೂ ಫೋರ್ ಹೊಡೆದರೆ ನಿಮಗೆ ಕೋಪ; ಕೋಪ ಬಂದಾಗ ಹೆಜ್ಜೆ ಉದ್ದವಾಗಿ, ಒಂದು ಹೆಜ್ಜೆ ನುಂಗಿಬಿಡುತ್ತೀರಿ!

ಅವರು ಎದ್ದು, ಕೈ ತೊಳೆದು, ಹೊರಟುಹೋದರು. ಅಣ್ಣ ಸೋಫಾದ ಮೇಲೆ ಕುಸಿದ. "ಮುಗೀತು! ಟೀಮೂ ಮುಗೀತು, ನನ್ನ ಕೆಲಸಾನೂ ಮುಗೀತು. ಅಂಥೋರಿಗೆ ಓಡೋದು ಹೇಳ್ಕೊಡ್ತೀಯಲ್ಲೇ ನೀನು!"

"ಓಡೋದಲ್ಲ ಕಣ್ರೀ. ಎಣಿಸೋದು," ಎಂದರು ಅತ್ತಿಗೆ. "ಅದು ನಂಗೆ ಬರತ್ತೆ."

ಮರುದಿನ ಬೆಳಿಗ್ಗೆ ಆರಕ್ಕೆ ಬಾಗಿಲ ಗಂಟೆ ಸದ್ದಾಯಿತು. ತೆರೆದರೆ ಮಹಾನುಭಾವರು, ಬೂಟು ಕಟ್ಟಿಕೊಂಡು ಕೈಕಟ್ಟಿ ನಿಂತಿದ್ದಾರೆ. "ಭಾಭೀ, ಗಿನೋ," ಎಂದರು. ಎಣಿಸಿ!

ಕಟ್ಟಡದ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ಆ ವಿಶ್ವವಿಖ್ಯಾತ ಓಟ ನಡೆಯಿತು. ಅವರು ಓಡುವುದು, ಅತ್ತಿಗೆ ಕೈಯಲ್ಲಿ ಸೌಟು ಹಿಡಿದುಕೊಂಡೇ ಎಣಿಸುವುದು. ಟ್ಯಾಕ್ಸಿಯವರು ನಿಂತು ನೋಡಿದರು. ಒಮಾನಿ ಮುದುಕರೊಬ್ಬರು ನನ್ನನ್ನು ಕರೆದು, "ಆ ಮನುಷ್ಯ ಏನು ತಪ್ಪು ಮಾಡಿದ?" ಎಂದು ಕೇಳಿದರು! ಒಂದು ವಾರ ಹೀಗೇ ನಡೆಯಿತು. ಮುಂದಿನ ಪಂದ್ಯದಲ್ಲಿ ನೋ ಬಾಲ್ ಎರಡು. ಅದರ ಮುಂದಿನದರಲ್ಲಿ ಒಂದು. ನಾವು ಫೈನಲ್ ತಲುಪಿದೆವು! ಸೋಲುವುದು ಅಭ್ಯಾಸವಾಗಿದ್ದ ನಮ್ಮ ಹುಡುಗರಿಗೆ ಗೆದ್ದಾಗ ಮುಖ ಹೇಗಿಟ್ಟುಕೊಳ್ಳಬೇಕೆಂದು ತಿಳಿಯುತ್ತಿರಲಿಲ್ಲ.

ಫೈನಲ್ಲಿಗೆ ಕಫೀಲರು ಬಿಳಿ ನಿಲುವಂಗಿ ದಿಶ್ದಾಶ ತೊಟ್ಟು ತಾವೇ ಬಂದು ಕುರ್ಚಿ ಹಾಕಿಸಿಕೊಂಡು ಕೂತರು. ಅತ್ತಿಗೆ ನೀರಿನ ಟ್ಯಾಂಕರಿನ ನೆರಳಲ್ಲಿ. ಕೊನೆಯ ಓವರ್. ಎದುರಾಳಿಗಳಿಗೆ ಒಂದೇ ವಿಕೆಟ್ ಉಳಿದಿತ್ತು, ಹತ್ತು ರನ್ ಬೇಕಿತ್ತು. ಮೊದಲ ಚೆಂಡನ್ನೇ ಅವರ ಹುಡುಗ, ಎಲೆಕ್ಟ್ರೀಷಿಯನ್ ಅಂತೆ, ಎತ್ತಿ ಬೆಟ್ಟದ ಕಡೆ ಬಾರಿಸಿದ. ಸಿಕ್ಸರ್! ಇನ್ನು ನಾಲ್ಕೇ ರನ್.

ಮಹಾನುಭಾವರ ಮುಖ ಕೆಂಪೇರಿತು. ಚೆಂಡನ್ನು ಕಿತ್ತುಕೊಂಡಂತೆ ತೆಗೆದುಕೊಂಡು ದಾಪುಗಾಲು ಹಾಕುತ್ತಾ ವಾಪಸು ಹೊರಟರು. ನಮಗೆಲ್ಲ ಅರ್ಥವಾಯಿತು. ಈಗ ಒಂದು ಹೆಜ್ಜೆ ನುಂಗುತ್ತಾರೆ! ಅಣ್ಣ ಕಣ್ಣು ಮುಚ್ಚಿದ. ಅವರು ಓಟ ಶುರುಮಾಡಿದ್ದೇ ತಡ, ಟ್ಯಾಂಕರಿನ ಕಡೆಯಿಂದ ಇಡೀ ಮೈದಾನಕ್ಕೆ ಕೇಳುವಂತೆ ದನಿಯೊಂದು ಎದ್ದಿತು.

"ಒಂದು! ಎರಡು! ಮೂರು!..."

ಬ್ಯಾಟ್ಸ್‌ಮನ್ ಗಾಬರಿಯಾಗಿ ಪಕ್ಕಕ್ಕೆ ಸರಿದ. ಬೌಲರ್ ಅರ್ಧಕ್ಕೇ ನಿಂತರು. ಅಂಪೈರ್ ಬಹಳ ಹೊತ್ತು ಯೋಚಿಸಿದರು. ಕನ್ನಡದಲ್ಲಿ ಎಣಿಸಬಾರದೆಂದು ಕ್ರಿಕೆಟ್ಟಿನ ಯಾವ ನಿಯಮದಲ್ಲಿದೆ? ಕೊನೆಗೆ ಅತ್ತ ತಿರುಗಿ ಕೈಮುಗಿದು, "ಅಮ್ಮ, ಸ್ವಲ್ಪ ಮನಸ್ಸಿನಲ್ಲೇ ಲೆಕ್ಕ ಮಾಡಿ ಮಾರಾಯ್ರೇ," ಎಂದರು. ಮೈದಾನವೆಲ್ಲ ಗೊಳ್ಳೆಂದಿತು. ನಮ್ಮ ವೇಗಿಯೂ ನಕ್ಕರು. ಆ ನಗುವಿನಲ್ಲಿ ಕೋಪ ಕರಗಿಹೋದದ್ದನ್ನು ನಾನು ಬೌಂಡರಿ ಗೆರೆಯಿಂದಲೇ ಕಂಡೆ.

ಮತ್ತೆ ಗುರುತಿಗೆ ಹೋದರು. ಓಡಿಬಂದರು. ಈ ಸಲ ಅತ್ತಿಗೆಯ ತುಟಿ ಮಾತ್ರ ಅಲ್ಲಾಡುತ್ತಿತ್ತು. ಹತ್ತೊಂಬತ್ತು! ಮೂರು ಸ್ಟಂಪ್‌ಗಳೂ ಅವನ್ನು ನಿಲ್ಲಿಸಿದ್ದ ಮರದ ಹಲಗೆಯ ಸಮೇತ ಹಿಂದಕ್ಕೆ ಹಾರಿದವು.

ಆಮೇಲಿನದನ್ನು ಹೇಗೆ ಹೇಳಲಿ? ಹುಡುಗರು ಜಲ್ಲಿಯ ಮೇಲೆ ಹೊರಳಾಡಿದರು, ಮೊಣಕೈ ತರಚಿಕೊಂಡರು. ಕಫೀಲರು ಅಣ್ಣನನ್ನು ಕರೆದು ಟ್ಯಾಂಕರಿನ ಕಡೆ ಬೆರಳು ತೋರಿಸಿ, "ಆ ಹೆಂಗಸು ಯಾರು?" ಎಂದು ಕೇಳಿದರು. ಪ್ರತಿ ಶುಕ್ರವಾರ ಮೈದಾನದಲ್ಲಿ ಅತ್ತಿಗೆಯನ್ನು ಕಂಡರೂ ಕಾಣದಂತೆ ಓಡಾಡುತ್ತಿದ್ದ ನಮ್ಮಣ್ಣ ಎದೆಯುಬ್ಬಿಸಿ, "ನನ್ನ ಹೆಂಡತಿ!" ಎಂದ. ಒಂದು ಸಲವೂ 'ಆಕ್ಚುಯಲಿ' ಅನ್ನಲಿಲ್ಲ. ಕಫೀಲರು ನಡೆದುಹೋಗಿ, ಎದೆಯ ಮೇಲೆ ಕೈಯಿಟ್ಟು, ಟೀಮಿಗಿಂತ ಮೊದಲು ಅತ್ತಿಗೆಗೆ "ಮಬ್ರೂಕ್" ಎಂದು ಅಭಿನಂದಿಸಿದರು. ಇವತ್ತಿಗೂ ಅದನ್ನು ನೆನೆದರೆ ನನ್ನ ಅಂಗಿ ಬಿಗಿಯಾಗುತ್ತದೆ.

ಟೀಮಿನವರೆಲ್ಲ ಊಟಕ್ಕೆಂದು ರೂವಿಗೆ ಹೊರಟರು. ಪಾತ್ರೆ, ಚಾಪೆ ಎತ್ತಿಕೊಂಡು ಬರಲು ನಾನೂ ಅತ್ತಿಗೆಯೂ ಉಳಿದೆವು. ಮಹಾನುಭಾವರು, "ನಾನು ಭಾಭಿಯ ಜೊತೆ ಬರುತ್ತೇನೆ," ಎಂದು ಉಳಿದುಕೊಂಡರು. ನಾನು ಡಬ್ಬಿಗಳನ್ನು ಕಾರಿಗೆ ಹಾಕಿ ಬರುವಷ್ಟರಲ್ಲಿ ಅವರು ಪಿಚ್ಚಿನ ಪಕ್ಕ ನೆಲದ ಮೇಲೆ ಕೂತಿದ್ದರು. ಪ್ಯಾಂಟನ್ನು ಮೇಲೆ ಮಡಚಿದ್ದರು. ಎಡ ಮಂಡಿ ತೆಂಗಿನಕಾಯಿಯಷ್ಟು ಊದಿತ್ತು. ಇಷ್ಟು ದಿನ ಇದರ ಮೇಲೆಯೇ ಓಡಿದ್ದರು! ಅತ್ತಿಗೆ ಅದರ ಮೇಲೆ ತಣ್ಣೀರು ಸುರಿಯುತ್ತಿದ್ದರು.

"ಬಸ್ ಭಾಭೀ," ಎಂದರು ಅವರು. "ಯಹೀ ಆಖ್ರೀ ಮ್ಯಾಚ್ ಥಾ."

ಇದೇ ಕೊನೆಯ ಆಟ. ಲಾಹೋರಿನಲ್ಲಿ ಡಾಕ್ಟರು ಮೊದಲೇ ಹೇಳಿದ್ದರಂತೆ. ಅವರು ಯಾರಿಗೂ ತಿಳಿಸಿರಲಿಲ್ಲ.

"ಅಮ್ಮಾ ಕೋ ಬೋಲಾ?" ಎಂದು ಕೇಳಿದರು ಅತ್ತಿಗೆ.

ಇಲ್ಲವೆಂದು ತಲೆಯಾಡಿಸಿದರು. ಏನೆಂದು ಹೇಳಲಿ ಎಂದು ಅವರೇ ಕೇಳಿದರು, ಸಣ್ಣ ಹುಡುಗನ ಹಾಗೆ.

ಅತ್ತಿಗೆ ಚೀಲದಿಂದ ತಮ್ಮ ಮೊಬೈಲ್ ತೆಗೆದು ಅವರ ಕೈಗಿಟ್ಟರು. ಅವರು ಪಂಜಾಬಿಯಲ್ಲಿ ಮಾತಾಡಿದರು. ಎರಡು ಮಾತಿಗೇ ದನಿ ಒಡೆಯಿತು. ಅತ್ತಿಗೆ ಅವರ ಮುಖ ಕಾಣದ ಹಾಗೆ ಬೆಟ್ಟದ ಕಡೆ ತಿರುಗಿ ನಿಂತು, ಛತ್ರಿ ಬಿಚ್ಚಿ ಹಿಂದಕ್ಕೆ ಚಾಚಿ ಅವರ ತಲೆಯ ಮೇಲೆ ಹಿಡಿದರು. ತಾವು ಬಿಸಿಲಲ್ಲೇ ನಿಂತರು. ನಾನು ಅಲ್ಲೇ ನಿಲ್ಲಲೋ ಹೋಗಲೋ ತಿಳಿಯದೆ ಚಾಪೆ ಸುತ್ತಿದ್ದನ್ನೇ ಮತ್ತೆ ಸುತ್ತಿದೆ.

ಬಹಳ ಹೊತ್ತಿನ ಮೇಲೆ ಅವರು ಫೋನನ್ನು ಅತ್ತಿಗೆಯ ಕಡೆ ಚಾಚಿದರು. ಅವರ ತಾಯಿಗೆ ಇವರೊಡನೆ ಮಾತಾಡಬೇಕಂತೆ. ಆ ಕಡೆಯ ಮುದಿ ದನಿ ಪಂಜಾಬಿಯಲ್ಲಿ ಏನೇನೋ ಹೇಳುತ್ತಲೇ ಇತ್ತು. ಅತ್ತಿಗೆ "ಹಾಂ ಜೀ, ಹಾಂ ಜೀ" ಎನ್ನುತ್ತಾ ಕೇಳಿಸಿಕೊಂಡರು. ತಮ್ಮ ಸರದಿ ಬಂದಾಗ, ಮೊದಲ ದರ್ಜೆಯ ಹಿಂದಿ ಅವರಿಗೆ ಒಂದಕ್ಷರವೂ ನೆನಪಾಗಲಿಲ್ಲ.

"ಚೆನ್ನಾಗಿ ಆಡ್ದ ಅಮ್ಮಾ ನಿಮ್ಮ ಮಗ," ಎಂದರು. "ತುಂಬಾ ಚೆನ್ನಾಗಿ ಆಡ್ದ."

ಆ ತಾಯಿ, ಎಲ್ಲ ತಿಳಿದವರ ಹಾಗೆ, ಅತ್ತಿಗೆಯನ್ನೂ ಮಗಳೆಂದು ಕರೆದು, "ಹಾಂ ಪುತ್ತರ್, ಹಾಂ," ಎಂದರಂತೆ.